ರಾಜಸ್ವ ಕೊರತೆ ಎಂದರೇನು, ಅದನ್ನು ತುಂಬುವವರು ಯಾರು?

ರಾಜ್ಯ ಬಜೆಟ್ ಮಂಡನೆಯಾದ ದಿನ ಸಂಜೆ ಟಿವಿ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು ‘ರಾಜಸ್ವ ಕೊರತೆ’. ವಿರೋಧ ಪಕ್ಷದವರು ಖಜಾನೆ ಬರಿದಾಯಿತು ಎನ್ನುತ್ತಾರೆ, ಆಡಳಿತ ಪಕ್ಷದವರು ಎಲ್ಲವೂ ಮಿತಿಯೊಳಗಿದೆ ಎನ್ನುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ, ಆಟೋ ಓಡಿಸುವವನಿಗೆ, ಗಾರೆ ಕೆಲಸದವನಿಗೆ ಇದರಿಂದ ಏನಾಗುತ್ತದೆ ಎಂಬುದು ಮಾತ್ರ ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಸರ್ಕಾರದ ಖರ್ಚಿನಲ್ಲಿ ಎರಡು ಬಗೆ. ಸಂಬಳ, ಪಿಂಚಣಿ, ಹಳೆಯ ಸಾಲದ ಬಡ್ಡಿ, ಸಬ್ಸಿಡಿ, ಆಸ್ಪತ್ರೆಯ ಔಷಧಿ, ಬಿಸಿಯೂಟ ಇವೆಲ್ಲ ರಾಜಸ್ವ ವೆಚ್ಚ. ರಸ್ತೆ, ಅಣೆಕಟ್ಟು, ಶಾಲಾ ಕಟ್ಟಡದಂತೆ ಆಸ್ತಿಯಾಗಿ ಉಳಿಯುವುದಕ್ಕೆ ಹಾಕಿದ್ದು ಬಂಡವಾಳ ವೆಚ್ಚ. ತೆರಿಗೆ, ಶುಲ್ಕ, ಕೇಂದ್ರದಿಂದ ಬರುವ ಪಾಲು ಮತ್ತು ಅನುದಾನ ಸೇರಿದರೆ ರಾಜಸ್ವ ಜಮೆ. ಈ ಜಮೆಯನ್ನು ಮೀರಿ ರಾಜಸ್ವ ವೆಚ್ಚ ಬೆಳೆದಾಗ ನಡುವೆ ಉಳಿಯುವ ಅಂತರವೇ ರಾಜಸ್ವ ಕೊರತೆ. ಮನೆ ಕಟ್ಟಲು ಸಾಲ ಮಾಡುವುದು ಬೇರೆ, ತಿಂಗಳ ರೇಷನ್ನಿಗೆ ಸಾಲ ಮಾಡುವುದು ಬೇರೆ. ರಾಜಸ್ವ ಕೊರತೆ ಎರಡನೆಯ ಬಗೆಯದು. ವಿತ್ತೀಯ ಕೊರತೆ ಎಂಬುದು ಇದಕ್ಕಿಂತ ದೊಡ್ಡದು. ಬಂಡವಾಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿದು ಒಟ್ಟು ಎಷ್ಟು ಸಾಲ ಬೇಕು ಎಂದು ಅದು ತೋರಿಸುತ್ತದೆ.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟನ್ನೇ ನೋಡಿ. ಗಾತ್ರ 4,09,549 ಕೋಟಿ ರೂಪಾಯಿ. ರಾಜಸ್ವ ಜಮೆ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ ಎಂಬ ಅಂದಾಜು. ಕಳೆದರೆ ಉಳಿಯುವ ಕೊರತೆ 19,262 ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕೊರತೆಗೆ ಗ್ಯಾರಂಟಿಯೊಂದೇ ಕಾರಣ ಎಂದು ತೀರ್ಪು ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಂಬಳ, ಪಿಂಚಣಿ, ಬಡ್ಡಿ ಮೂರೇ ಸೇರಿದರೆ ಗ್ಯಾರಂಟಿಗಳಿಗಿಂತ ಬಹಳ ದೊಡ್ಡ ಮೊತ್ತ. ಜಮೆಯ ಕಡೆಯಲ್ಲೂ ಪೆಟ್ಟು ಬಿದ್ದಿದೆ: ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು.

ಕೊರತೆಯನ್ನು ತುಂಬಲು ಸಾಲ ಒಂದು ದಾರಿ. ಇನ್ನೊಂದು, ಆದಾಯ ಹೆಚ್ಚಿಸಿಕೊಳ್ಳುವುದು. ದುಡಿಯುವ ಮನೆಗಳು ಕಣ್ಣಿಟ್ಟು ನೋಡಬೇಕಾದದ್ದು ಇದನ್ನು. ಸಂಬಳ, ಲಾಭದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಹೆಚ್ಚಿನ ಸರಕುಗಳ ತೆರಿಗೆ ದರವನ್ನು ರಾಜ್ಯ ತಾನೇ ಬದಲಿಸುವಂತಿಲ್ಲ. ಕೈಯಲ್ಲಿ ಉಳಿದಿರುವುದು ಪೆಟ್ರೋಲ್, ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ, ವೃತ್ತಿ ತೆರಿಗೆಯಂಥ ಕೆಲವೇ ಬಾಬ್ತುಗಳು. ಇವುಗಳಲ್ಲಿ ಹೆಚ್ಚಿನವು ಕೊಳ್ಳುವವರು ಬಡವರೋ ಶ್ರೀಮಂತರೋ ಎಂದು ನೋಡುವುದಿಲ್ಲ.

2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು, ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಡೀಸೆಲ್ ತೆರಿಗೆ ಆಗಲೂ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿ ಶೇ 21.17 ಆಯಿತು. ಡೀಸೆಲ್ ಏರಿದರೆ ಲಾರಿ ಬಾಡಿಗೆಗೆ ಬಿಸಿ ತಟ್ಟುತ್ತದೆ, ಅಲ್ಲಿಂದ ಈರುಳ್ಳಿ, ಟೊಮೆಟೊ ಮೂಟೆಗೂ.

ವೃತ್ತಿ ತೆರಿಗೆಯ ಲೆಕ್ಕ ಸಣ್ಣದು, ಆದರೆ ಸರ್ಕಾರದ ಇಕ್ಕಟ್ಟು ಅಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಂದ ತಿಂಗಳಿಗೆ 200 ರೂಪಾಯಿ ಕಡಿತವಾಗುತ್ತಿತ್ತು, ವರ್ಷಕ್ಕೆ 2,400. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500ರ ಮಿತಿ ಹಾಕಿದೆ. 2025–26ರಿಂದ ಫೆಬ್ರುವರಿ ತಿಂಗಳ ಕಡಿತ ಮಾತ್ರ 300 ಮಾಡಿ, ಉಳಿದಿದ್ದ ಆ 100 ರೂಪಾಯಿಯನ್ನೂ ಸರ್ಕಾರ ತನ್ನ ಕಡೆಗೆ ಸೇರಿಸಿಕೊಂಡಿತು.

ನನ್ನನ್ನು ಹೆಚ್ಚು ಕಾಡುವುದು ಅಬಕಾರಿ. 2025–26ಕ್ಕೆ ಆ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ. ಗೃಹಲಕ್ಷ್ಮಿಗೆ ಅದೇ ವರ್ಷ ಇಟ್ಟದ್ದು 28,608 ಕೋಟಿ. ಹೆಂಡತಿಯ ಖಾತೆಗೆ 2,000 ರೂಪಾಯಿ ಬೀಳುವ ಮನೆಯಲ್ಲೇ ಗಂಡನ ದಿನಗೂಲಿಯ ಒಂದು ಪಾಲು ಮದ್ಯದಂಗಡಿಯ ಮೂಲಕ ಖಜಾನೆಗೆ ಹೋಗುತ್ತಿದ್ದರೆ, ಆ ಮನೆಗೆ ನಿಜಕ್ಕೂ ದಕ್ಕಿದ್ದೆಷ್ಟು ಎಂದು ಕೇಳಲೇಬೇಕು. ಗೃಹಲಕ್ಷ್ಮಿ ಬೇಡ ಎನ್ನುವುದಕ್ಕೆ ಈ ಮಾತಲ್ಲ. ತನ್ನ ಹೆಸರಿನ ಖಾತೆಗೆ ಬರುವ ಹಣ ಹೆಂಗಸರಿಗೆ ಎಂಥ ಬಲ ಎಂಬುದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಆ ಹಣ ಅದೇ ಮನೆಯ ಇನ್ನೊಂದು ಜೇಬಿನಿಂದ ಬರಬಾರದು, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ರಾಜಸ್ವ ವೆಚ್ಚ ಎಂದರೆ ಕರಗಿಹೋದ ದುಡ್ಡು, ಬಂಡವಾಳ ವೆಚ್ಚ ಎಂದರೆ ಅಭಿವೃದ್ಧಿ ಎಂದು ಬಹಳ ಮಂದಿ ನಂಬಿದ್ದಾರೆ. ಶಾಲೆಯ ಕಟ್ಟಡ ಬಂಡವಾಳ, ಅದರೊಳಗೆ ಪಾಠ ಹೇಳುವ ಮೇಷ್ಟ್ರ ಸಂಬಳ ರಾಜಸ್ವ. ಇದೇ ಬಜೆಟ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನ 1,000 ರೂಪಾಯಿ, ಸಹಾಯಕಿಯರದು 750 ರೂಪಾಯಿ ಹೆಚ್ಚಿತು. ಅದೂ ರಾಜಸ್ವ ವೆಚ್ಚವೇ. ಕೂಲಿಗೆ ಹೋಗುವ ತಾಯಿ ಮಗುವನ್ನು ಬಿಟ್ಟುಹೋಗುವುದು ಅವರ ಕೈಯಲ್ಲೇ.

ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ರಾಜಸ್ವ ಕೊರತೆ ಇಲ್ಲದಂತೆ ನೋಡಿಕೊಳ್ಳುವುದು ಅದರ ಗುರಿಗಳಲ್ಲೊಂದು. ಕೋವಿಡ್‌ಗೆ ಮುಂಚೆ ವರ್ಷಗಟ್ಟಲೆ ರಾಜಸ್ವ ಹೆಚ್ಚುವರಿಯನ್ನೂ ರಾಜ್ಯ ಉಳಿಸಿಕೊಂಡಿತ್ತು. ಮತ್ತೆ ಅಲ್ಲಿಗೆ ಮುಟ್ಟುವುದು ಒಳ್ಳೆಯದೇ. ಆದರೆ ಕಾಗದದ ಮೇಲೆ ಕೊರತೆ ಇಳಿಸುವ ಅತಿ ಸುಲಭದ ದಾರಿ ಖಾಲಿ ಹುದ್ದೆಗಳನ್ನು ತುಂಬದೆ ಬಿಡುವುದು. ಕಾಯಂ ಶಿಕ್ಷಕರಿಲ್ಲದ ಕಡೆ ಅತಿಥಿ ಶಿಕ್ಷಕರು ಕಡಿಮೆ ಗೌರವಧನಕ್ಕೆ ತರಗತಿ ನಡೆಸುತ್ತಾರೆ, ಬೇಸಿಗೆ ರಜೆಯ ತಿಂಗಳುಗಳಲ್ಲಿ ಅದೂ ಇರುವುದಿಲ್ಲ. ಕೊರತೆ ಇಳಿಯಿತು ಎಂಬ ಸುದ್ದಿ ಬಂದ ವರ್ಷ, ಅದೇ ವರ್ಷದ ನೇಮಕಾತಿಯ ಅಂಕಿಯನ್ನೂ ಹುಡುಕಿ ಓದಿ.