ಅಂಜಲ್‌ಗೆ ಬೆಲೆ, ಬೂತಾಯಿಗೆ ಬಲ

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಒಂದು ಕಿಲೋ ಅಂಜಲ್‌ಗೆ (ಸುರ್ಮಾಯಿ) ಕೊಡುವ ದುಡ್ಡಿನಲ್ಲಿ ಕಿಲೋಗಟ್ಟಲೆ ಬೂತಾಯಿ (ಸಾರ್ಡೀನ್) ಬರುತ್ತದೆ. ಅಂಜಲ್‌ನಲ್ಲಿ ಸತ್ವವೂ ಅಷ್ಟೇ ಪಟ್ಟು ಹೆಚ್ಚಿದೆಯೇ? ಖಂಡಿತ ಇಲ್ಲ. ಅಂಜಲ್, ಬಂಗುಡೆ, ಬೂತಾಯಿ, ಕೆರೆಯ ರೋಹು, ಕಾಟ್ಲಾ, ಯಾವುದೇ ಇರಲಿ, 100 ಗ್ರಾಂ ಹಸಿ ಮಾಂಸದಲ್ಲಿ ಪ್ರೋಟೀನು ಸುಮಾರು 16ರಿಂದ 21 ಗ್ರಾಂ. ಅಂಜಲ್‌ಗೆ ತೆರುವ ಹೆಚ್ಚುವರಿ ಹಣ ಮುಳ್ಳು ಕಡಿಮೆಯಿರುವ, ದಪ್ಪ ತುಂಡು ಬೀಳುವ ಗಟ್ಟಿ ಮಾಂಸಕ್ಕೆ.

ನಿಜವಾದ ವ್ಯತ್ಯಾಸ ಕೊಬ್ಬಿನಲ್ಲಿದೆ. ಮೀನಿನ ಮಾಂಸದಲ್ಲಿ ನೀರು ಮತ್ತು ಕೊಬ್ಬು ಸೇರಿ ಸುಮಾರು ಶೇ 80. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಬಡಕಲಾದ ಬೂತಾಯಿಯಲ್ಲಿ ಕೊಬ್ಬು ಶೇ 3-4ಕ್ಕೆ ಇಳಿದಿರಬಹುದು. ಮಳೆ ಮುಗಿದ ಮೇಲೆ ಸಮುದ್ರದಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳನ್ನು ಮೇದು ಕೊಬ್ಬಿದಾಗ ಅದೇ ಮೀನಿನಲ್ಲಿ ಶೇ 15 ದಾಟುವುದೂ ಉಂಟು. ಆಗ ಬೂತಾಯಿಯನ್ನು ಹುರಿಯಲು ಬಾಣಲೆಗೆ ಎಣ್ಣೆ ಹೆಚ್ಚು ಬೇಡ. ಹೃದಯಕ್ಕೆ, ಮಿದುಳಿಗೆ ಬೇಕಾದ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಆಮ್ಲಗಳಿರುವುದು ಈ ಕೊಬ್ಬಿನಲ್ಲೇ. ವಯಸ್ಕರಿಗೆ ದಿನಕ್ಕೆ 250 ಮಿಲಿಗ್ರಾಂ ಬೇಕೆಂಬುದು ತಜ್ಞರ ಶಿಫಾರಸು; ಕೊಬ್ಬಿದ ಬೂತಾಯಿಯ 100 ಗ್ರಾಂ ಮಾಂಸ ಅದರ ಹಲವು ಪಟ್ಟು ಕೊಡುತ್ತದೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ ಮೆತ್ತಗಾದ ಮುಳ್ಳನ್ನೂ ಅಗಿದರೆ ಕ್ಯಾಲ್ಸಿಯಂ ಸಿಗುತ್ತದೆ. ಅಂಜಲ್‌ನ ಮುಳ್ಳು ತಟ್ಟೆಯ ಅಂಚಿಗೇ ಹೋಗುವುದರಿಂದ ಆ ಲಾಭ ಅಲ್ಲಿಲ್ಲ. ಇದಲ್ಲದೆ, ಸಣ್ಣ ಮೀನು ತಿಂದು ಬೆಳೆಯುವ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಸೇರಿಕೊಳ್ಳುತ್ತ ಹೋಗುತ್ತದೆ. ಗರ್ಭಿಣಿಯರು ಶಾರ್ಕ್ ತಿನ್ನದಿರುವುದು ಒಳ್ಳೆಯದು; ಬೂತಾಯಿಗೆ ಆ ಭಯ ಕಡಿಮೆ.

ಆದರೆ ಬೂತಾಯಿ, ಬಂಗುಡೆ ಬೇಗ ಕೆಡುತ್ತವೆ. ಕೊಬ್ಬು ಗಾಳಿಗೆ ಕಮಟುತ್ತದೆ. ಹೊಟ್ಟೆಯೊಳಗಿನ ಜೀರ್ಣಕಿಣ್ವಗಳು ಮೀನು ಸತ್ತ ಮೇಲೂ ಕೆಲಸ ಮಾಡಿ ಹೊಟ್ಟೆಯನ್ನೇ ಒಡೆಸುತ್ತವೆ. ಎಲ್ಲಕ್ಕಿಂತ ಗಂಭೀರವಾದದ್ದು ಹಿಸ್ಟಮಿನ್. ಬಂಗುಡೆ, ಬೂತಾಯಿ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುತ್ತದೆ; ಮೀನು ಬಿಸಿಲಿನಲ್ಲಿ ಕೂತಷ್ಟೂ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತುರಿಕೆ, ತಲೆನೋವು ಶುರುವಾಗುತ್ತದೆ. ಎಷ್ಟು ಕುದಿಸಿದರೂ ಹಿಸ್ಟಮಿನ್ ನಾಶವಾಗದು. ಹಿಡಿದ ಕೂಡಲೇ ಮೀನಿನಷ್ಟೇ ತೂಕದ ಪುಡಿ ಮಂಜುಗಡ್ಡೆಯಲ್ಲಿ ಹುದುಗಿಸುವುದೊಂದೇ ದಾರಿ. ಕೊಳ್ಳುವಾಗ ಕಿವಿರು ಕೆಂಪಾಗಿದೆಯೇ, ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬುತ್ತದೆಯೇ ನೋಡಿ. ಹೊಟ್ಟೆ ಒಡೆದದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಅಂಜಲ್ ತುಂಡು ಬೇಗ ಬೇಯುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಪ್ರೋಟೀನು ಬಿಗಿದು ನೀರು ಹಿಂಡಿಹೋಗಿ ನಾರು ನಾರಾಗುತ್ತದೆ. ಮಸಾಲೆ ಮೊದಲು ಕುದಿಯಲಿ, ತುಂಡುಗಳನ್ನು ಕೊನೆಗೆ ಹಾಕಿ. ಕೊಬ್ಬಿದ ಬಂಗುಡೆ ಸ್ವಲ್ಪ ಹೆಚ್ಚು ಬೆಂದರೂ ಒಣಗುವುದಿಲ್ಲ.

ಒಳನಾಡಿನ ರೋಹು, ಕಾಟ್ಲಾಗಳಲ್ಲಿ ಕೊಬ್ಬು ಸಾಮಾನ್ಯವಾಗಿ ಕಡಿಮೆ, ಒಮೆಗಾ-3 ಕೂಡ. ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುವುದರಿಂದ ಮಕ್ಕಳಿಗೆ ಬಿಡಿಸಿಯೇ ಕೊಡಬೇಕು. ಇವುಗಳ ಮೇಲಿನ ದೂರು ಮಣ್ಣಿನ ವಾಸನೆ. ಕೊಳದ ನೀಲಿ-ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಅದಕ್ಕೆ ಕಾರಣ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಚರ್ಮ, ಹೊಟ್ಟೆಯ ಭಾಗ ಮತ್ತು ಕಪ್ಪು ಮಾಂಸ ತೆಗೆದು, ಹುಣಸೆ ಅಥವಾ ನಿಂಬೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದರೆ ವಾಸನೆ ತಗ್ಗುತ್ತದೆ. ಮೀನು ಸಾಕುವವರು ಮಾರುವ ಮುನ್ನ ಕೆಲವು ದಿನ ಹರಿಯುವ ಶುದ್ಧ ನೀರಿನಲ್ಲಿ, ಆಹಾರ ಹಾಕದೆ ಬಿಟ್ಟರೆ ಆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.