ಟ್ರೇಡಿಂಗ್ ರೋಬೋ ಆರಿಸುವಾಗ ಮೊದಲು ಅದು ಸೋಲುವ ರೀತಿ ನೋಡಿ

ಹೋದ ತಿಂಗಳು ಹಾವೇರಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ, ಉಳಿತಾಯ ಒಂದೂವರೆ ಲಕ್ಷ. ಅದರಲ್ಲಿ ಮೂವತ್ತು ಸಾವಿರ ಕೊಟ್ಟು ಟ್ರೇಡಿಂಗ್ ರೋಬೋ, ಅಂದರೆ ಷೇರು ಮುಂತಾದವನ್ನು ತಾನೇ ಕೊಂಡು ಮಾರುವ ಪ್ರೋಗ್ರಾಂ, ತಗೊಳ್ಳೋ ಯೋಚನೆ. "ಸರ್, ನೂರು ಟ್ರೇಡ್‌ನಲ್ಲಿ ತೊಂಬತ್ತು ಗೆಲ್ಲುತ್ತಂತೆ" ಅಂದ. ಉಳಿದ ಹತ್ತರಲ್ಲಿ ಎಷ್ಟು ಹೋಗುತ್ತೆ ಅಂತ ಕೇಳಿದೆ. ಮಾರುವವರು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ತೊಂಬತ್ತು ಸಲ ತಲಾ 500 ರೂಪಾಯಿ ಬಂದರೆ 45,000. ಹತ್ತು ಸಲ ತಲಾ 6,000 ಹೋದರೆ 60,000. ನೂರಕ್ಕೆ ತೊಂಬತ್ತು ಗೆದ್ದೂ 15,000 ನಷ್ಟ.

ಟ್ರೇಡಿಂಗ್ ಪ್ರೋಗ್ರಾಂ ಬರೆಯುವುದು, ಪರೀಕ್ಷಿಸುವುದು ನನ್ನ ಕೆಲಸ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ರೋಬೋ ಯಾವ ಜಾತಿಯದು ಅಂತ ಅದು ಸೋಲುವ ರೀತಿಯಿಂದ ಗುರುತಿಸಿ. ಆ ಸೋಲನ್ನು ನಿಮ್ಮ ಜೇಬು, ನಿಮ್ಮ ನಿದ್ದೆ ತಡೆದುಕೊಳ್ಳುತ್ತಾ ನೋಡಿ. ಆಮೇಲೆ ಲಾಭದ ಮಾತು.

ನಮ್ಮಲ್ಲಿ ತುಂಬಾ ಮಾರಾಟವಾಗುವುದು ಆಪ್ಷನ್ ಮಾರುವ ರೋಬೋ. ಆಪ್ಷನ್ ಅಂದರೆ ಮುಂದೆ ಒಂದು ನಿಗದಿತ ದರಕ್ಕೆ ಕೊಳ್ಳುವ (ಕಾಲ್) ಇಲ್ಲವೇ ಮಾರುವ (ಪುಟ್) ಹಕ್ಕು, ಅದರ ಬೆಲೆಯೇ ಪ್ರೀಮಿಯಂ. ಬೆಳಿಗ್ಗೆ 9:20ಕ್ಕೆ ನಿಫ್ಟಿಯ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಒಂದು ಕಾಲ್, ಒಂದು ಪುಟ್ ಮಾರಿ, ಸಂಜೆಯೊಳಗೆ ಪ್ರೀಮಿಯಂ ಕರಗುವುದನ್ನು ಕಾಯುತ್ತದೆ. ಮಾರುಕಟ್ಟೆ ಸುಮ್ಮನಿದ್ದ ದಿನ ಸ್ವಲ್ಪ ಬರುತ್ತೆ, ಮರುದಿನ ಇನ್ನೂ ಸ್ವಲ್ಪ ಬರುತ್ತೆ, ಹೀಗೆ ತಿಂಗಳುಗಟ್ಟಲೆ ಬಂದು ನಂಬಿಕೆ ಹುಟ್ಟಿ ದುಡ್ಡು ಇಮ್ಮಡಿ ಮಾಡುವ ಹೊತ್ತಿಗೆ 2024ರ ಜೂನ್ 4ರಂಥ ದಿನ ಬರುತ್ತದೆ. ಲೋಕಸಭಾ ಚುನಾವಣೆಯ ಫಲಿತಾಂಶದ ದಿನ ಅದು. ನಿಫ್ಟಿ ಒಂದೇ ದಿನ ಸುಮಾರು ಶೇ 6 ಬಿತ್ತು. ಸ್ಟಾಪ್‌ಲಾಸ್ (ಇಷ್ಟು ನಷ್ಟವಾದರೆ ತಾನಾಗಿ ಹೊರಬರುವ ಆರ್ಡರ್) ಇಲ್ಲದೆ ಮಾರಿ ಕೂತವರಿಗೆ ಎಷ್ಟೋ ತಿಂಗಳ ಗಳಿಕೆ ಮಧ್ಯಾಹ್ನದೊಳಗೆ ಹೋಗುವಂಥ ಕುಸಿತ. ಇದು ಅಪರೂಪಕ್ಕೆ ಸೋಲುವ, ಸೋತರೆ ದೊಡ್ಡದಾಗಿ ಸೋಲುವ ಜಾತಿ. ಹೊಸಬರಿಗೆ ಬೇಡ.

ಇದಕ್ಕಿಂತ ಅಪಾಯದ್ದು ಮಾರ್ಟಿಂಗೇಲ್. ಸೋತರೆ ಮುಂದಿನ ಸಲ ಪಣ ದುಪ್ಪಟ್ಟು ಮಾಡುವ ರೋಬೋ. ಸಾವಿರದಿಂದ ಶುರು ಮಾಡಿ ಸತತ ಏಳು ಸಲ ಸೋತರೆ ಹೋದದ್ದು 1,27,000. ಎಂಟನೇ ಸಲಕ್ಕೆ ಇನ್ನೂ 1,28,000 ಬೇಕು. ಆ ಹುಡುಗನ ಹತ್ತಿರ ಅಷ್ಟು ದುಡ್ಡೇ ಇಲ್ಲ. ಆದರೂ ಇದರ ಲಾಭದ ಗ್ರಾಫ್ ಮೆಟ್ಟಿಲು ಹತ್ತಿದ ಹಾಗೆ ನೇರ ಮೇಲಕ್ಕೆ ಹೋಗುತ್ತೆ, ಏಕೆಂದರೆ ಕುಸಿಯುವ ದಿನ ಇನ್ನೂ ಬಂದಿರುವುದಿಲ್ಲ. ಅಷ್ಟು ನುಣುಪಾದ ಗ್ರಾಫ್ ಕಂಡರೆ ದಯವಿಟ್ಟು ದೂರ ಇರಿ. ಟೆಲಿಗ್ರಾಂನಲ್ಲಿ ಸಿಗುವ ಫಾರೆಕ್ಸ್ (ವಿದೇಶಿ ಕರೆನ್ಸಿ), ಚಿನ್ನದ ರೋಬೋಗಳಲ್ಲಿ ಇದು ತುಂಬಾ ಇದೆ. ಅವು ಓಡುವ ವಿದೇಶಿ ಪ್ಲಾಟ್‌ಫಾರ್ಮ್‌ಗಳಿಗೆ ಇಲ್ಲಿ ಅನುಮತಿ ಇದೆಯಾ ಅನ್ನೋದು ಬೇರೆ ಪ್ರಶ್ನೆ. ಅನುಮತಿ ಇಲ್ಲದವುಗಳ ಬಗ್ಗೆ ಆರ್‌ಬಿಐ ಒಂದು ಎಚ್ಚರಿಕೆ ಪಟ್ಟಿಯನ್ನೇ ಇಟ್ಟಿದೆ, ಅದನ್ನು ತೆರೆದು ನೋಡಿ.

ಸಣ್ಣ ಸಣ್ಣ ಲಾಭಕ್ಕಾಗಿ ದಿನಕ್ಕೆ ಹಲವು ಸಲ ಕೊಂಡು ಮಾರುವ ಸ್ಕ್ಯಾಲ್ಪಿಂಗ್ ರೋಬೋ ನಿಧಾನವಾಗಿ ಸೋಲುತ್ತದೆ, ಖರ್ಚಿನಲ್ಲಿ. ದಿನಕ್ಕೆ ಐದು ಟ್ರೇಡ್ ಅಂದರೆ ಹತ್ತು ಆರ್ಡರ್. ಆರ್ಡರ್‌ಗೆ 20 ರೂಪಾಯಿಯಂತೆ ದಿನಕ್ಕೆ 200, ಇಪ್ಪತ್ತು ದಿನಕ್ಕೆ 4,000. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 4,720. ಲಕ್ಷ ರೂಪಾಯಿ ಹಾಕಿದವರು ತಿಂಗಳಿಗೆ ಶೇ 4.7 ಗಳಿಸಿದರೆ ಬರೀ ಬ್ರೋಕರೇಜ್ ತೀರುತ್ತದೆ. ಎಸ್‌ಟಿಟಿ (ವಹಿವಾಟಿನ ಮೇಲಿನ ತೆರಿಗೆ), ಸ್ಲಿಪೇಜ್ (ಬಯಸಿದ ದರಕ್ಕೂ ಸಿಕ್ಕ ದರಕ್ಕೂ ಇರುವ ವ್ಯತ್ಯಾಸ) ಇನ್ನೂ ಸೇರಿಸಿಲ್ಲ. ಎದುರಿಗಿರುವವರು ಯಾರು ಅನ್ನೋದೂ ಮುಖ್ಯ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಹೊರತಂದ ಅಧ್ಯಯನದ ಪ್ರಕಾರ ಮೂರು ವರ್ಷದಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ) ಮಾಡಿದ ನೂರು ಜನ ಸಾಮಾನ್ಯರಲ್ಲಿ 93 ಮಂದಿ ದುಡ್ಡು ಕಳೆದುಕೊಂಡರು. ವಿದೇಶಿ ಹೂಡಿಕೆದಾರರ ಲಾಭದ ಶೇ 97ರಷ್ಟು ಬಂದದ್ದು ಆಲ್ಗೋಗಳಿಂದ, ಅಂದರೆ ಟ್ರೇಡಿಂಗ್ ಪ್ರೋಗ್ರಾಂಗಳಿಂದ. ಎಕ್ಸ್‌ಚೇಂಜಿನ ಪಕ್ಕದಲ್ಲೇ ಸರ್ವರ್ ಇಟ್ಟುಕೊಂಡು ಓಡಿಸುವ ಪ್ರೋಗ್ರಾಂಗಳ ಜೊತೆ ನಮ್ಮ ಮನೆಯ ವೈಫೈ ವೇಗದಲ್ಲಿ ಪೈಪೋಟಿ ಮಾಡಲಾಗದು, ಅಲ್ವಾ?

ಹಾಗಾದರೆ ಯಾವುದು? ನನ್ನ ಆಯ್ಕೆ ಟ್ರೆಂಡ್ ಹಿಂಬಾಲಿಸುವ ನಿಧಾನದ ರೋಬೋ. ಅದೂ ದಿನದ ಚಾರ್ಟ್ ಮೇಲೆ, ಸಾಲವಿಲ್ಲದೆ, ಇಂಡೆಕ್ಸ್ ಇಟಿಎಫ್‌ನಂಥದ್ದರಲ್ಲಿ (ನಿಫ್ಟಿಯಂಥ ಸೂಚ್ಯಂಕವನ್ನು ಹಿಂಬಾಲಿಸುವ, ಷೇರಿನ ಹಾಗೇ ಕೊಂಡು ಮಾರಬಹುದಾದ ಫಂಡ್). ಐವತ್ತು ದಿನದ ದರಗಳ ಸರಾಸರಿ ಇನ್ನೂರು ದಿನದ ಸರಾಸರಿಯನ್ನು ಮೇಲಕ್ಕೆ ದಾಟಿದರೆ ಕೊಳ್ಳು, ಕೆಳಕ್ಕೆ ದಾಟಿದರೆ ಮಾರು. ಇಷ್ಟೇ ನಿಯಮ, ಕಾಗದದ ಮೇಲೆ ನೀವೇ ಪರೀಕ್ಷಿಸಬಹುದು. ಇದು ಪದೇ ಪದೇ ಸೋಲುತ್ತೆ, ಆದರೆ ಸಾಮಾನ್ಯವಾಗಿ ಸಣ್ಣದಾಗಿ. ಕಷ್ಟ ಇರುವುದು ಮನಸ್ಸಿಗೆ. ನಾಲ್ಕು ಸಲ ಸೋತ ಮೇಲೆ ಬೇಸತ್ತು ನಿಲ್ಲಿಸಿ, ಐದನೆಯ ದೊಡ್ಡ ಏರಿಕೆ ತಪ್ಪಿಸಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಅದಕ್ಕೇ ಹಳೆಯ ದರಗಳ ಮೇಲೆ ಪರೀಕ್ಷಿಸುವಾಗ ಒಟ್ಟು ಲಾಭಕ್ಕಿಂತ ಮೊದಲು ಎರಡು ಅಂಕಿ ಬರೆದುಕೊಳ್ಳಿ: ಸತತವಾಗಿ ಎಷ್ಟು ಸಲ ಸೋತಿತು, ಮೇಲಿದ್ದ ದುಡ್ಡು ಅತಿ ಹೆಚ್ಚು ಎಷ್ಟು ಕೆಳಗಿಳಿಯಿತು. 2020ರ ಮಾರ್ಚ್ ಆ ಪರೀಕ್ಷೆಯೊಳಗೆ ಇರಲೇಬೇಕು. ಕೋವಿಡ್ ಕುಸಿತ ಬಿಟ್ಟು ತೋರಿಸಿದ ಬ್ಯಾಕ್‌ಟೆಸ್ಟ್ ನಾನು ಒಪ್ಪುವುದಿಲ್ಲ.

ಕೊಂಡೇ ತರುವುದಾದರೆ ಸಾಮಾನ್ಯರ ಆಲ್ಗೋ ಟ್ರೇಡಿಂಗ್ ಬಗ್ಗೆ ಸೆಬಿಯ 2025ರ ಫೆಬ್ರವರಿ 4ರ ಸುತ್ತೋಲೆ ನಿಮ್ಮ ಪರವಾಗಿದೆ. ಒಳಗಿನ ನಿಯಮ ಬಿಚ್ಚಿ ತೋರಿಸುವುದು ವೈಟ್ ಬಾಕ್ಸ್, ಮುಚ್ಚಿಡುವುದು ಬ್ಲ್ಯಾಕ್ ಬಾಕ್ಸ್. ಬ್ಲ್ಯಾಕ್ ಬಾಕ್ಸ್ ಕೊಡುವವರು ರಿಸರ್ಚ್ ಅನಲಿಸ್ಟ್ ಆಗಿ ಸೆಬಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ. ಮೊದಲ ರೋಬೋ ಮಾತ್ರ ವೈಟ್ ಬಾಕ್ಸೇ ಇರಲಿ. ಯಾಕೆ ಕೊಂಡಿತು, ಯಾಕೆ ಮಾರಿತು ಅಂತ ಗೊತ್ತಾಗದಿದ್ದರೆ ಅದು ಕೆಟ್ಟಿದೆಯೋ ಸುಮ್ನೆ ಸೋಲುತ್ತಿದೆಯೋ ಹೇಗೆ ತಿಳಿಯುತ್ತೆ?

ಕೆಡುವುದು ಸಣ್ಣ ಮಾತಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿಯ ಪ್ರೋಗ್ರಾಂ ಕೆಟ್ಟು ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಅವರಲ್ಲಿ ಎಂಜಿನಿಯರುಗಳ ತಂಡವೇ ಇತ್ತು.

ಆ ಹುಡುಗ ಮೂವತ್ತು ಸಾವಿರ ಕೊಡಲಿಲ್ಲ. ತಾನೇ ಸರಾಸರಿ ದಾಟುವ ನಿಯಮ ಬರೆದು ಮೂರು ತಿಂಗಳು ಪೇಪರ್ ಟ್ರೇಡಿಂಗ್ (ನಿಜವಾದ ದುಡ್ಡಿಲ್ಲದೆ ಅಭ್ಯಾಸ) ಮಾಡುತ್ತೇನೆ ಅಂದಿದ್ದಾನೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿಸಿದೆ. ಒಂದೇ ಒಂದು ಇಟಿಎಫ್ ಯೂನಿಟ್ ರೋಬೋ ಕೈಲಿ ಕೊಳ್ಳಿಸಿ, ನಡುವೆ ರೋಬೋ ಆಫ್ ಮಾಡು ಅಂದೆ. ಮಾಡಿದ. ಯೂನಿಟ್ ಖಾತೆಯಲ್ಲೇ ಉಳಿದಿತ್ತು, ಅದನ್ನು ಕಾಯಲು ಈಗ ಯಾರೂ ಇರಲಿಲ್ಲ. ಬ್ರೋಕರ್ ಆ್ಯಪ್ ತೆರೆದು ಕೈಯಾರೆ ಮಾರುವುದಕ್ಕೆ ಅವನಿಗೆ ನಾಲ್ಕು ನಿಮಿಷ ಹಿಡಿಯಿತು. ಎರಡನೇ ಸಲ ನಲವತ್ತು ಸೆಕೆಂಡ್.