ಎಕ್ಸ್‌ರೇಗೆ ತಾಳಿ ತೆಗೀಲೇಬೇಕಾ?

ಪ್ರಶ್ನೆ: "ಸರ್, ನಮ್ಮ ಅತ್ತೆಗೆ ಎದಿ ಎಕ್ಸ್‌ರೇ ಬರೆದಾರ. ತಾಳಿ ತೆಗೀಲೇಬೇಕೇನ್ರಿ? ತೆಗೀದಿದ್ರ ಕರೆಂಟ್ ಹೊಡಿತೈತಿ ಅಂತಾರಲ್ರಿ, ಖರೇನ?"

ಎದೆಗಾದರೆ ತೆಗೆಯಬೇಕು. ಕರೆಂಟ್ ಹೊಡೆಯೋದಿಲ್ಲ. ಉತ್ತರ ಇಷ್ಟೇ. ಆದರೆ ವಿಜಯಪುರದಲ್ಲಿ ಇಷ್ಟು ವರ್ಷ ಎಕ್ಸ್‌ರೇ ರೂಮಿನಲ್ಲಿ ನಿಂತು ಇದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ. ಇಂಡಿಯಿಂದ ಬಂದವರೂ ಅದನ್ನೇ ಕೇಳುತ್ತಾರೆ, ಸಿಂದಗಿಯಿಂದ ಬಂದವರೂ ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಆ ಕರೆಂಟಿನ ಕಥೆ ಮುಗಿಸೋಣ. ಮಷಿನ್ನಿಗೆ ಕರೆಂಟ್ ಬೇಕು, ನಿಜ. ಸಾವಿರಾರು ವೋಲ್ಟ್ ಬೇಕು. ಆದರೆ ಅದೆಲ್ಲ ಮೇಲೆ ತೂಗುವ ಆ ಟ್ಯೂಬಿನ ಒಳಗೇ ಇರುತ್ತದೆ. ಅಲ್ಲಿಂದ ಹೊರಗೆ ಬರೋದು ಕಿರಣ, ಕರೆಂಟ್ ಅಲ್ಲ. ಅದು ಬೆಳಕಿನ ಜಾತಿಯದೇ, ಕಣ್ಣಿಗೆ ಮಾತ್ರ ಕಾಣೋದಿಲ್ಲ. ಟಾರ್ಚ್ ಬಿಟ್ಟರೆ ತಾಳಿಗೆ ಶಾಕ್ ಹೊಡೆಯುತ್ತದಾ? ಇದೂ ಹಾಗೇ.

"ಇಲ್ರಿ, ನನಗ ಖರೇನ ಹೊಡೀತು" ಅಂತ ಪಟ್ಟು ಹಿಡಿಯುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಂಗಿ ಬಿಚ್ಚಿ ಬರಿ ಎದೆಯನ್ನು ಪ್ಲೇಟಿಗೆ ಆನಿಸಿ ನಿಲ್ಲಿಸುತ್ತೇವೆ. ಡಿಸೆಂಬರ್ ಚಳಿಯಲ್ಲಿ ಆ ಪ್ಲೇಟ್ ಮಂಜುಗಡ್ಡೆಯ ಹಾಗೆ ಇರುತ್ತದೆ. ತಾಗಿದ ಕೂಡಲೇ ಮನುಷ್ಯ ಜುಂ ಅಂತ ಹಿಂದೆ ಸರಿಯುತ್ತಾನೆ. ಅದೇ ಹೊತ್ತಿಗೆ ಮಷಿನ್ ಗುರ್ ಅನ್ನುತ್ತದೆ, ಬೀಪ್ ಆಗುತ್ತದೆ. ಮುಗೀತು, ಊರಿಗೆ ಹೋಗಿ ಕರೆಂಟ್ ಹೊಡೀತು ಅಂತ ಹೇಳುತ್ತಾನೆ. ಹೊಡೆದದ್ದು ಚಳಿ.

ಇನ್ನೂ ನಂಬಿಕೆ ಬರದಿದ್ದರೆ ಇದನ್ನು ಕೇಳಿ. ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ 1895ರ ಡಿಸೆಂಬರ್ 22ರಂದು ತನ್ನ ಹೆಂಡತಿಯ ಕೈ ಫೋಟೋ ತೆಗೆದ. ಆಕೆಯ ಬೆರಳಲ್ಲಿ ಉಂಗುರ ಹಾಗೇ ಇತ್ತು. ಎಲುಬಿನ ಮೇಲೆ ಉಂಗುರ ದಪ್ಪಗೆ ಕಾಣುವ ಆ ಚಿತ್ರವನ್ನು ನೀವೂ ಎಲ್ಲೋ ನೋಡಿರುತ್ತೀರಿ. ಆಕೆಗೆ ಶಾಕ್ ಹೊಡೆಯಲಿಲ್ಲ. ಅಂದರೆ ಈ ಸಂಶಯ ಹುಟ್ಟುವ ಮೊದಲೇ ಉತ್ತರ ಸಿಕ್ಕಿತ್ತು.

ಈ ಹೆದರಿಕೆ ಬಂದಿರೋದು ಎಂಆರ್‌ಐನಿಂದ ಅಂತ ನನ್ನ ಲೆಕ್ಕ. ಅಲ್ಲಿರೋದು ಭಾರೀ ಅಯಸ್ಕಾಂತ, ಯಾವಾಗಲೂ ಆನ್ ಇರುತ್ತದೆ. ಕಬ್ಬಿಣ ಕಂಡರೆ ಎಳೆದುಕೊಳ್ಳುತ್ತದೆ. ಅಲ್ಲಿ ಅವರು ಏನು ತೆಗೆಯಿರಿ ಅಂತಾರೋ ಅದನ್ನೆಲ್ಲ ತೆಗೆಯಿರಿ, ವಾದ ಬೇಡ. ಎಕ್ಸ್‌ರೇ ಮಾತೇ ಬೇರೆ.

ಹಾಗಾದರೆ ಎಕ್ಸ್‌ರೇಗೆ ಯಾಕೆ ತೆಗೆಯಬೇಕು? ನೆರಳು ಬೀಳುತ್ತದೆ, ಅದಕ್ಕೆ. ಲೋಹ ಕಿರಣವನ್ನು ತಡೆಯುತ್ತದೆ, ಫಿಲ್ಮಿನಲ್ಲಿ ಅಷ್ಟು ಜಾಗ ಬೆಳ್ಳಗಾಗುತ್ತದೆ. ಅದರ ಹಿಂದೆ ಏನಿದೆ ಅಂತ ಡಾಕ್ಟರಿಗೆ ಕಾಣೋದಿಲ್ಲ. ತಾಳಿಯನ್ನು ಬೆನ್ನಿಗೆ ಹಾಕಿಕೊಂಡು "ಈಗ ಆತಲ್ರಿ" ಅನ್ನುವವರು ಬಹಳ. ಕಿರಣ ಬೆನ್ನಿಂದ ಎದೆಗೆ ಆರುಪಾರು ಹೋಗುತ್ತದೆ ತಾಯಿ! ಹಿಂದೆ ಇದ್ದರೂ ಅದೇ ನೆರಳು. ಮನಸ್ಸು ಒಪ್ಪದಿದ್ದರೆ ಮನೆಯಿಂದಲೇ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬನ್ನಿ, ಕೊರಳಿಗೆ ಹತ್ತಿರ ಕಟ್ಟಿರಿ. ಅದೂ ಆಗದಿದ್ದರೆ ತಾಳಿಯನ್ನು ಮೇಲೆತ್ತಿ ಹಲ್ಲಲ್ಲಿ ಕಚ್ಚಿಕೊಳ್ಳಿ, ಗದ್ದ ಎತ್ತಿ ನಿಲ್ಲಿ. ಬಹಳ ಸಲ ಕೆಲಸ ಆಗುತ್ತದೆ. ತಾಳಿಗೆ ಸಿಕ್ಕಿಸಿದ ಪಿನ್ನು ಮರೆಯಬೇಡಿ.

ಲಿಂಗಾಯತರು ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿ ಕರಡಿಗೆಯೂ ಹಾಗೇ. ಸರಿಯಾಗಿ ಎದೆಯ ನಡುವೆ ತೂಗುತ್ತಿರುತ್ತದೆ. ಹಿರಿಯರು ಲಿಂಗ ಮೈಬಿಟ್ಟು ಇರಬಾರದು ಅಂತಾರೆ, ನಾನು ಒತ್ತಾಯ ಮಾಡೋದಿಲ್ಲ. ದಾರ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಳ್ಳಿ ಅಂತೀನಿ. ಎದೆ ಫೋಟೋಕ್ಕೆ ಕೈ ಹೇಗೂ ಸೊಂಟದ ಮೇಲೆ ಇರುತ್ತದೆ. ಪೂಜೆಯಲ್ಲೂ ಅಂಗೈ ಮೇಲೇ ಇಟ್ಟುಕೊಳ್ಳುತ್ತೀರಿ, ಅಲ್ವಾ?

ಎಲ್ಲದಕ್ಕೂ ಎಲ್ಲ ತೆಗೆಯಬೇಕಿಲ್ಲ. ಮೊಣಕಾಲಿಗೆ ಬಂದವರು ತಾಳಿ ಬಿಚ್ಚೋದು ಸುಮ್ನೆ. ಕಿಡ್ನಿ ಹರಳಿಗಾದರೆ ಉಡದಾರ ತೆಗೆಯಿರಿ, ಪಾದಕ್ಕಾದರೆ ಕಾಲುಂಗುರ, ತಲೆಗಾದರೆ ಓಲೆ, ನತ್ತು, ಕಟ್ಟಿಸಿದ ಹಲ್ಲಿನ ಸೆಟ್ಟು.

ಲೋಹ ಅಲ್ಲದ್ದೂ ಮೋಸ ಮಾಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಫೋಟೋ ತೆಗೆದೆ. ಎಣ್ಣೆ ಹಚ್ಚಿದ ದಪ್ಪ ಜಡೆ ಭುಜದ ಮೇಲೆ ಬಿದ್ದಿತ್ತು, ನಾನು ನೋಡಲಿಲ್ಲ. ಬಲಗಡೆ ಪುಪ್ಪುಸದ ತುದಿಯಲ್ಲಿ ಮಚ್ಚೆ. ಟಿಬಿ ಮೊದಲು ಕೂರೋದು ಜಾಸ್ತಿ ಅಲ್ಲೇ. ಡಾಕ್ಟರು ಅಜ್ಜಿಯನ್ನು ವಾಪಸ್ ಕಳಿಸಿದರು. ಜಡೆ ಎತ್ತಿ ತುರುಬು ಕಟ್ಟಿಸಿ ಮತ್ತೆ ತೆಗೆದೆ, ಮಚ್ಚೆ ಮಾಯ. ನನ್ನ ತಪ್ಪಿಗೆ ಅಜ್ಜಿಗೆ ಎರಡನೇ ಸಲ ಕಿರಣ ಬಿತ್ತು. ಅವತ್ತಿಂದ ಬಟನ್ ಒತ್ತುವ ಮುಂಚೆ ಜಡೆ ನೋಡುತ್ತೇನೆ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಹೆಣ್ಣುಮಕ್ಕಳಿಗೆ ನಾವು "ಹೊರಗಾಗಿ ಎಷ್ಟು ದಿನ ಆಯ್ತು" ಅಂತ ಕೇಳಿದರೆ ಮುಖ ಕೆಂಪಗಾಗುತ್ತದೆ. ಬಸುರಿ ಇರಬಹುದಾ ಅಂತ ತಿಳಿಯೋಕೆ ಕೇಳುತ್ತೇವೆ, ಬೇರೆ ಏನೂ ಇಲ್ಲ. ಕೈಕಾಲಿನ ಎಕ್ಸ್‌ರೇಗೆ ಅಷ್ಟು ಚಿಂತೆ ಇಲ್ಲ. ಹೊಟ್ಟೆ, ಸೊಂಟ ಅಂದರೆ ಕಿರಣ ನೇರ ಗರ್ಭದ ಮೇಲೇ ಬೀಳುತ್ತದೆ. ಮುಂದಕ್ಕೆ ಹಾಕಬಹುದಾ, ಬೇರೆ ದಾರಿ ಇದೆಯಾ ಅಂತ ಡಾಕ್ಟರ್ ಯೋಚಿಸಬೇಕಾಗುತ್ತದೆ. ತೊಂದರೆ ಏನಂದರೆ, ಜೊತೆಗೆ ಬಂದವರ ಮುಂದೆ ನಿಜ ಹೊರಗೆ ಬರೋದಿಲ್ಲ.

ಸೊಂಟ ನೋವು ಅಂತ ಒಬ್ಬ ಸೊಸೆ ಬಂದಿದ್ದಳು. ಕೇಳಿದ್ದು ಅವಳನ್ನು, "ಏನಿಲ್ರಿ, ತೆಗೀರಿ" ಅಂದದ್ದು ಅತ್ತೆ. ಹುಡುಗಿ ನೆಲ ನೋಡುತ್ತಾ ನಿಂತಳು. "ಅವ್ವಾರ, ಒಂದೀಟು ನೀರಿನ ಬಾಟಲಿ ತರ್ರಿ" ಅಂತ ಅತ್ತೆಯನ್ನು ಹೊರಗೆ ಕಳಿಸಿ ಮತ್ತೆ ಕೇಳಿದೆ. "ಒಂದೂವರಿ ತಿಂಗಳಾತ್ರಿ" ಅಂದಳು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲವಂತೆ. ಚೀಟಿ ಅವಳ ಕೈಗೇ ಕೊಟ್ಟೆ. ಅಷ್ಟರಲ್ಲಿ ಅತ್ತೆ ಬಾಟಲಿ ಹಿಡಿದು ಬಂದರು.

"ಆತೇನ್ರಿ ಫೋಟೋ?"

"ಇಲ್ರಿ, ಇನ್ನೊಮ್ಮೆ ಡಾಕ್ಟರ್ ಕಡೆ ಹೋಗಿ ಬರ್ರಿ" ಅಂದೆ. ಯಾಕೆ ಅಂತ ಸೊಸೆಯೇ ಹೇಳಲಿ ಅಂತ ಬಿಟ್ಟೆ.